ಗ್ರೀನ್ ಗಾಡೆಸ್: ಹಳೆಯ ಅಗ್ನಿಶಾಮಕ ವಾಹನದ ಪುನಶ್ಚೇತನ

ಅಣುದಾಳಿಯ ಭೀತಿ ಆವರಿಸಿದ್ದ 1950ರ ದಶಕದಲ್ಲಿ ಬ್ರಿಟನ್ನಿನ ಸಹಾಯಕ ಅಗ್ನಿಶಾಮಕ ಸೇವೆಗಾಗಿ ಬೆಡ್‌ಫರ್ಡ್ ಚಾಸಿಯ ಮೇಲೆ ನಿರ್ಮಿಸಲಾದ ‘ಗ್ರೀನ್ ಗಾಡೆಸ್’ ವಾಹನಗಳನ್ನು, 1977 ಮತ್ತು 2002ರಲ್ಲಿ ಅಗ್ನಿಶಾಮಕ ಸಿಬ್ಬಂದಿ ಮುಷ್ಕರ ಹೂಡಿದಾಗ, ಸೈನಿಕರು ಮತ್ತೆ ಬಳಸಿದರು.

ಇವುಗಳಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಮಾದರಿಯನ್ನು ದುರಸ್ತಿಗೊಳಿಸುವಾಗ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸನ್ನು ಬಿಚ್ಚಿ ಬೇರಿಂಗ್, ಆಯಿಲ್ ಸೀಲುಗಳನ್ನು ಪರೀಕ್ಷಿಸಬೇಕು. ಹಳತಾದ ಬ್ರೇಕ್ ಹೋಸುಗಳನ್ನು ಬದಲಿಸದೆ ವಾಹನವನ್ನು ರಸ್ತೆಗಿಳಿಸಬಾರದು.

ಈ ವಾಹನದಲ್ಲಿರುವ, ರೆಕ್ಕೆಚಕ್ರವನ್ನು ತಿರುಗಿಸಿ ನೀರನ್ನು ಹೊರಚಿಮ್ಮಿಸುವ ಸೆಂಟ್ರಿಫ್ಯೂಗಲ್ ಪಂಪು ತನ್ನೊಳಗಿನ ಗಾಳಿಯನ್ನು ತಾನೇ ಹೊರಹಾಕಲಾರದ ಕಾರಣ, ಪ್ರೈಮರ್ ಎಂಬ ಸಾಧನವು ಆ ಗಾಳಿಯನ್ನು ಮೊದಲು ಹೀರಿ ತೆಗೆಯುತ್ತದೆ. ನೀರು ಒಳಸೇರುವ ಬಾಯಿಯನ್ನು ಮುಚ್ಚಿ ಹೀಗೆ ಉಂಟುಮಾಡಿದ ನಿರ್ವಾತವು ಮಾಪಕದಲ್ಲಿ ಕುಸಿಯದೆ ನಿಂತರೆ ಪಂಪಿನಲ್ಲಿ ಸೋರಿಕೆಯಿಲ್ಲವೆಂದು ತಿಳಿಯಬಹುದು. ವಾಹನವು ನೀರು ಚಿಮ್ಮಿಸಬಲ್ಲ ಸ್ಥಿತಿಗೆ ಮರಳಿದಾಗಲೇ ಪುನಶ್ಚೇತನ ಪೂರ್ಣವಾಗುತ್ತದೆ.