ನಾಯಿಯ ಆಹಾರದಲ್ಲಿ ಯಕೃತ್ತಿನ ಪ್ರಮಾಣ

ಅಫಜಲಪುರ ತಾಲೂಕಿನ ಅತನೂರದಂಥ ಊರುಗಳಲ್ಲಿ ಕುರಿ ಕೊಯ್ದಾಗ ಒಳಾಂಗಗಳು ನಾಯಿಯ ಪಾಲಿಗೆ ಬರುವದುಂಟು. ಅವು ಎಷ್ಟು, ಹೇಗೆ ಸಲ್ಲಬೇಕೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಹಸಿಮಾಂಸವನ್ನೇ ಉಣಿಸುವವರು ಸಾಮಾನ್ಯವಾಗಿ ಆಹಾರದ ನೂರರಲ್ಲಿ ಐದು ಪಾಲನ್ನು ಯಕೃತ್ತಿಗೆ ಮೀಸಲಿಡುತ್ತಾರೆ. ದಿನಕ್ಕೆ 500 ಗ್ರಾಂ ತಿನ್ನುವ ನಾಯಿಗೆ ಇದು 25 ಗ್ರಾಂ ಆಗುವದು. ಕುರಿಯ 100 ಗ್ರಾಂ ಯಕೃತ್ತಿನಲ್ಲಿ ಸುಮಾರು 7 ಮಿಲಿಗ್ರಾಂ ‘ಎ’ ಜೀವಸತ್ವವಿರುತ್ತದೆ. ಈ ಸತ್ವವು ಶರೀರದಲ್ಲಿ ಸಂಗ್ರಹವಾಗುವ ಕಾರಣ, ಬಹುಕಾಲ ಮಿತಿಮೀರಿದರೆ ಎಲುಬು ಕೀಲುಗಳಿಗೆ ಕೇಡುಂಟಾಗುವದು.

ನಾಯಿಗೆ ಪಾಠ ಕಲಿಸುವಾಗ ಬಹುಮಾನವಾಗಿ ಕೊಡುವ ಒಣ ಯಕೃತ್ತಿನ ಚೂರುಗಳೂ ಈ ಲೆಕ್ಕದೊಳಗೇ ಸೇರತಕ್ಕವು. ಹಸಿ ಯಕೃತ್ತಿನಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು; ಆದುದರಿಂದ 8 ಗ್ರಾಂ ಒಣ ಚೂರು 25 ಗ್ರಾಂ ಹಸಿಯದಕ್ಕೆ ಸಮ. ಅಷ್ಟು ಕೊಟ್ಟ ದಿನ ಊಟದಲ್ಲಿ ಮತ್ತೆ ಯಕೃತ್ತು ಬೇಡ.

ಇದಕ್ಕೂ ಮಿಗಿಲಾದ ಅಪಾಯವೊಂದುಂಟು. ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಬೆಳೆಯುವ ಹೈಡಾಟಿಡ್ ಎಂಬ ನೀರುಗುಳ್ಳೆಗಳನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಲಾಡಿಹುಳುವಾಗುತ್ತದೆ. ಅದರ ತತ್ತಿಗಳು ಮಲದೊಡನೆ ಹೊರಬಿದ್ದು ಕುರಿಗಳಿಗೂ ಮಕ್ಕಳಿಗೂ ತಗಲುತ್ತವೆ. ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಗುಳ್ಳೆಯೊಳಗಿನ ಮರಿಹುಳುಗಳು ಸಾಯುತ್ತವೆ. ಆದಕಾರಣ ಕುರಿ ಸಾಕುವ ಊರುಗಳಲ್ಲಿ ಒಳಾಂಗಗಳನ್ನು ತೂಗಿ, ಕುದಿಸಿ ಕೊಡುವದೇ ಯುಕ್ತವೆಂದು ನಾವು ಭಾವಿಸುತ್ತೇವೆ.