ಮೂತ್ರದ ಅವಸರಕ್ಕೆ ಮಾತ್ರೆ, ಜೊತೆಗೆ ಶೀತದ ಮಾತ್ರೆ ಬೇಡ

ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ ಹತ್ತಬೇಕೆಂದರೆ ಹಿಂದಿನ ರಾತ್ರಿಯೇ ನೀರು ಬಿಡುವ ಉಮ್ಮಂದಿರಿದ್ದಾರೆ. ವುಝೂ ಮಾಡಿ ನಿಲ್ಲೋಷ್ಟರಲ್ಲಿ ಮತ್ತೆ ಅವಸರ. ಇದಕ್ಕೆ ವೈದ್ಯರು ಬರೆಯುವ ಸೋಲಿಫೆನಾಸಿನ್, ಆಕ್ಸಿಬ್ಯುಟಿನಿನ್ ಮೂತ್ರಕೋಶದ ಸೆಳೆತ ತಗ್ಗಿಸುತ್ತವೆ. ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ.

ಬಾಯಿ ಒಣಗುವುದು, ಮಲಬದ್ಧತೆ ಮಾಮೂಲು. ಆದ್ರೆ ವಯಸ್ಸಾದವರಿಗೆ ಮರೆವು, ಗೊಂದಲವೂ ಬರಬಹುದು. ನಾವು 'ವಯಸ್ಸಾಯ್ತಲ್ಲ' ಅಂತ ಸುಮ್ಮನಾಗ್ತೀವಿ. ಅದರ ಮೇಲೆ ಶೀತಕ್ಕೆಂದು ಮೆಡಿಕಲ್‌ನಲ್ಲಿ ಕೇಳಿ ತಂದ ಏವಿಲ್‌ನಂಥ ಮಾತ್ರೆ ಸೇರಿದರೆ ಇವೆಲ್ಲ ಇನ್ನೂ ಹೆಚ್ಚುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ. ಮಿರಾಬೆಗ್ರಾನ್ ಕೊಟ್ಟರೆ ಬಿಪಿ ನೋಡಿಸುತ್ತಿರಿ, ಪುಡಿ ಮಾಡದೆ ನುಂಗಿಸಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಾಗಲಿ ಅನ್ನದೆ ಮದ್ದೂರಿನ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೊರಡಿ.