ನೂರು ಮೊಟ್ಟೆಯೊಳಗೆ ನಲವತ್ತು ಸಾವಿರ ಹುಳ!

ಮುರುಗಮಲ್ಲದ ಆಸುಪಾಸಿನಲ್ಲಿ ರೇಷ್ಮೆ ಹುಳ ಸಾಕುವವರನ್ನು ಮಾತಾಡಿಸಿ ನೋಡಿ. "ಈ ಸಲ ನೂರು ಮೊಟ್ಟೆ ಮೇಯಿಸ್ತಿದೀವಿ" ಅನ್ನುತ್ತಾರೆ. ನೂರೇ ನೂರಾ? ಅಷ್ಟಕ್ಕೆ ಇಷ್ಟುದ್ದದ ಮನೆ, ಬೆಳಗಾಗುವ ಮೊದಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಇಷ್ಟು ಆಳು ಯಾಕೆ? ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ತಾಯಿ ಚಿಟ್ಟೆ ಇಟ್ಟ ಇಡೀ ರಾಶಿ. ಅದರಲ್ಲಿ ಸುಮಾರು 400ರಿಂದ 500 ತತ್ತಿ! ನೂರು ಮೊಟ್ಟೆ ಅಂದವರ ಮನೆಯಲ್ಲಿ ನಲವತ್ತು ಐವತ್ತು ಸಾವಿರ ಬಾಯಿಗಳು ಸೊಪ್ಪಿಗೆ ಕಾಯುತ್ತಿವೆ.

ಇದು ಬರೀ ಬಾಗಿಲು. ಒಳಗೆ ಹೋದರೆ ಅಲ್ಲಿ ಬೇರೆಯದೇ ಒಂದು ಕನ್ನಡ!

"ಜ್ವರಕ್ಕೆ ಕೂತವೆ ಕಣಪ್ಪ, ಸೊಪ್ಪು ಹಾಕ್ಬೇಡ" ಎಂದು ತಾಯಿ ಮಗನನ್ನು ತಡೆಯುತ್ತಾಳೆ. ತಟ್ಟೆಗೆ ಬಗ್ಗಿ ನೋಡಿದರೆ ನಿಜಕ್ಕೂ ಮೈ ಜುಮ್ಮೆನ್ನುತ್ತದೆ. ಎಡೆಬಿಡದೆ ಮೇಯುತ್ತಿದ್ದ ಹುಳಗಳೆಲ್ಲ ತಲೆ ಎತ್ತಿ, ಅಲ್ಲಾಡದೆ ಕೂತುಬಿಟ್ಟಿವೆ. ಕಾಯಿಲೆ ಏನಿಲ್ಲ, ಹಳೆ ಚರ್ಮ ಕಳಚುವ ಹೊತ್ತು ಅದು. ಚೀನಿಯರೂ ಜಪಾನಿಯರೂ ಇದನ್ನೇ ನಿದ್ದೆ ಅನ್ನುತ್ತಾರೆ. ನಮ್ಮವರಿಗೆ ಕಂಡದ್ದು ಜ್ವರ. ಊಟ ಬೇಡ, ಓಡಾಟ ಬೇಡ, ಮುಟ್ಟಿದರೆ ಸಂಕಟ. ಹುಳದ ವಯಸ್ಸನ್ನೂ ಇದರಿಂದಲೇ ಅಳೆಯುತ್ತಾರೆ: ಮೊದಲ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಚಳಿಗಾಲದಲ್ಲಿ ಹುಳ ನಿಧಾನವಾಗಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಬೇಗ. ದಿನ ಎಣಿಸಿದವರು ಎಡವುತ್ತಾರೆ, ಜ್ವರ ಎಣಿಸಿದವರು ಎಡವುವುದಿಲ್ಲ! ಎರಡನೇ ಜ್ವರದಿಂದ ಏಳುವ ತನಕ ಚಾಕಿ, ಮಗುವಿನಂತೆ ನೋಡಿಕೊಳ್ಳಬೇಕಾದ ಕಾಲ. ನಾಲ್ಕನೆಯದರಿಂದ ಎದ್ದಿತೋ, ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ಮೇಯುತ್ತದೆ.

ಆಮೇಲೆ ಹುಳ "ಹಣ್ಣಾಗುತ್ತದೆ". ಹೌದು, ಹಣ್ಣೇ. ಮೇಯುವುದನ್ನು ಬಿಟ್ಟು, ಮೈ ಕುಗ್ಗಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತಿಳಿಯಾಗುತ್ತದೆ. ಆಗಲೇ ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುತ್ತಿದ ಆ ಹಂದರಕ್ಕೆ ಎಂಥ ಹೆಸರು ನೋಡಿ! ಈಗ ಮಡಚುವ ಪ್ಲಾಸ್ಟಿಕ್ ಹಂದರವೂ ಬಂದಿದೆ, ಅದು ನೇತ್ರಿಕೆ. ತಡಮಾಡಿದಿರೋ, ಹುಳ ಸೊಪ್ಪಿನ ಮೇಲೇ ನೂಲು ಸುರಿದು ವ್ಯರ್ಥ ಮಾಡುತ್ತದೆ.

ನನ್ನನ್ನು ನಿಲ್ಲಿಸಿಬಿಟ್ಟಿದ್ದು ರೋಗಗಳ ಹೆಸರು. ಮೈ ಊದಿ, ಚರ್ಮ ಒಡೆದು ಹಾಲಿನಂಥ ರಸ ಸೋರಿದರೆ ಹಾಲುತೊಂಡೆ. ಹುಳ ಜೋಲು ಬಿದ್ದರೆ ಸಪ್ಪೆ ರೋಗ. ಸತ್ತ ಹುಳ ಗಟ್ಟಿಯಾಗಿ, ಬೆಳ್ಳಗೆ ಪುಡಿ ಹೊದ್ದರೆ ಸುಣ್ಣಕಟ್ಟು. ನಾಲ್ಕನೆಯದು ಗಂಟು ರೋಗ. ಸುಣ್ಣಕಟ್ಟಿನ ಆ ಸುಣ್ಣ ಸುಣ್ಣವಲ್ಲ, ಒಂದು ಶಿಲೀಂಧ್ರದ ಬೀಜಕಣ! ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ಇದನ್ನು ಪ್ರಕಟಿಸಿದ. ಪ್ರಾಣಿಯೊಂದರ ಕಾಯಿಲೆಗೆ ಸೂಕ್ಷ್ಮಜೀವಿ ಕಾರಣ ಎಂದು ಜಗತ್ತು ಮೊದಲು ಕಲಿತ ಪಾಠಗಳಲ್ಲಿ ಅದೊಂದು. ಮೂವತ್ತು ವರ್ಷದ ಮೇಲೆ, 1865ರಲ್ಲಿ, ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಅಲೆಸ್ ಊರಿಗೆ ಬಂದ. ಅಲ್ಲಿ ಹುಳ ಕೊಲ್ಲುತ್ತಿದ್ದುದು ಒಂದು ರೋಗವಲ್ಲ, ಗಂಟು ಮತ್ತು ಸಪ್ಪೆ ಎಂಬ ಎರಡು ಎಂದು ಬಿಡಿಸಿ ಹೇಳಲು ಅವನಂಥವನಿಗೂ ವರ್ಷಗಳೇ ಹಿಡಿದವು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ ಎಂದ. ಇಂದಿಗೂ ಬಿತ್ತನೆ ಕೇಂದ್ರಗಳಲ್ಲಿ ನಡೆಯುವುದು ಇದೇ ಪರೀಕ್ಷೆ. ಈ ಮನೆಯ ನೂರು ಮೊಟ್ಟೆಯೂ ಅದನ್ನು ದಾಟಿ ಬಂದದ್ದೇ!

ಇನ್ನೊಂದಿದೆ, ಕೇಳಿ. ಸೊಳ್ಳೆಪರದೆ ಸರಿದರೆ ಸಾಕು, "ಊಜಿ ಬರ್ತದೆ, ಮುಚ್ಚು" ಎಂದು ಅಜ್ಜಿ ಕೂಗುತ್ತಾಳೆ. ಹುಳದ ಮೈಮೇಲೆ ಮೊಟ್ಟೆ ಇಟ್ಟು, ಮರಿಯಿಂದ ಅದನ್ನು ಒಳಗಿನಿಂದಲೇ ತಿನ್ನಿಸುವ ನೊಣ ಅದು. ಕರ್ನಾಟಕಕ್ಕೆ ಕಾಲಿಟ್ಟಿದ್ದು 1980ರಲ್ಲಿ. ಊಜಿ ಜಪಾನೀ ಮಾತು, ನೊಣದ ಮರಿಹುಳು ಎಂದೇ ಅರ್ಥ. ಮನೆಯಲ್ಲಿ ಕನ್ನಡದ ಜೊತೆ ತೆಲುಗು, ಕಚೇರಿಯಲ್ಲಿ ಕನ್ನಡ, ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದರೆ ನೂಲು ತೆಗೆಯುವ ರೀಲರುಗಳ ಉರ್ದು. ಇಷ್ಟರ ನಡುವೆ ಜಪಾನಿನ ಮಾತೊಂದನ್ನು ಈ ಅಜ್ಜಿ ದಿನಕ್ಕೆ ಹತ್ತು ಸಲ ಆಡುತ್ತಾಳೆ, ಮೊಮ್ಮಕ್ಕಳು ಓಡಿಹೋಗಿ ಪರದೆ ಎಳೆಯುತ್ತಾರೆ.